ನಾಲ್ಕು ದಾರದ ಪಟ: ಅಗ್ಗದ್ದು ಸಾಕಾ, ದುಬಾರಿಯದ್ದೇ ಬೇಕಾ?

ನಾಲ್ಕು ದಾರದ ಸ್ಟಂಟ್ ಗಾಳಿಪಟವನ್ನು, ಅಂದರೆ ಎರಡೂ ಕೈಯ ಹಿಡಿಗಳಿಂದ ಗಾಳಿಯಲ್ಲಿ ಕಸರತ್ತು ಮಾಡಿಸುವ ಪಟವನ್ನು, ಮೊದಲ ಸಲ ಕೊಳ್ಳುವವರಿಗೆ ಒಂದು ಸಲಹೆ. ಬಣ್ಣ ಆಮೇಲೆ ನೋಡಿ, ಮೊದಲು ದಾರ ನೋಡಿ.

ಅಗ್ಗದ ಸೆಟ್‌ನಲ್ಲಿ ಎಷ್ಟೋ ಸಲ ಪಾಲಿಯೆಸ್ಟರ್ ದಾರ ಇರುತ್ತದೆ. ಎಳೆದರೆ ಹಿಗ್ಗುತ್ತದೆ. ನೀವು ಮಣಿಕಟ್ಟು ತಿರುಗಿಸಿದರೂ ಪಟ ತಡವಾಗಿ ತಿರುಗುತ್ತದೆ. ಡೈನೀಮಾ ಎಂಬ ಗಟ್ಟಿ ಕೃತಕ ನೂಲಿನ ದಾರ ಹಿಗ್ಗುವುದು ತೀರಾ ಕಡಿಮೆ. ನಾಲ್ಕೂ ದಾರ ಸರಿಸಮ ಉದ್ದ ಇರಲೇಬೇಕು. ನನ್ನ ಮೊದಲ ಅಗ್ಗದ ಪಟ ಸುಮ್ನೆ ಎಡಕ್ಕೇ ವಾಲುತ್ತಿತ್ತು. ದಾರಗಳನ್ನೆಲ್ಲ ಒಂದೇ ಗೂಟಕ್ಕೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಸಮ ಮಾಡಿದ ಮೇಲೆ ಅದೇ ಪಟ ಎಷ್ಟು ಚೆನ್ನಾಗಿ ಹಾರಿತು ಗೊತ್ತಾ!

ಇನ್ನು ಕಡ್ಡಿ. ಫೈಬರ್‌ಗ್ಲಾಸ್ ಕಡ್ಡಿ ಭಾರ, ಜಾಸ್ತಿ ಬಾಗುತ್ತದೆ. ಆದರೆ ಬಿದ್ದರೆ ಸುಲಭಕ್ಕೆ ಮುರಿಯುವುದಿಲ್ಲ. ಕಲಿಯುವಾಗ ಅದೇ ಒಳ್ಳೆಯದು ಅಲ್ವಾ? ಕಾರ್ಬನ್ ಕಡ್ಡಿ ಹಗುರ, ಬಿರುಸು. ಮೆಲುಗಾಳಿಯಲ್ಲಿ ಪಟವನ್ನು ನಿಂತಲ್ಲೇ ನಿಲ್ಲಿಸಲು, ಹಿಂದಕ್ಕೆ ಹಾರಿಸಲು ಅದು ಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ ರೆವಲ್ಯೂಷನ್ ಬ್ರಾಂಡಿನ ನಾಲ್ಕು ದಾರದ ಪಟಗಳು ಹೆಸರು ಮಾಡಿದ್ದು ಇಂಥ ಹಿಡಿತಕ್ಕೇ.

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಸಾಧಾರಣ ಪಟ ಕೊಂಡು, ಉಳಿದದ್ದನ್ನು ಒಳ್ಳೆಯ ದಾರಕ್ಕೆ ಹಾಕಿ. ಮುಂದೆ ದುಬಾರಿ ಪಟ ಬಂದಾಗಲೂ ಆ ದಾರ ಬಳಕೆಗೆ ಬರುತ್ತದೆ.