ನಾಯಿಯ ಸೊಂಟದ ಕೀಲು ಸಡಿಲವೇ? ಆಪರೇಷನ್ ಇಲ್ಲದೆ ನಿಭಾಯಿಸುವುದು ಹೀಗೆ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್ ಸಾಕಿದವರ ಕಿವಿಗೆ ಒಂದಲ್ಲ ಒಂದು ದಿನ 'ಹಿಪ್ ಡಿಸ್‌ಪ್ಲೇಸಿಯಾ', ಅಂದರೆ ಸೊಂಟದ ಕೀಲು ಸಡಿಲವಾಗುವ ತೊಂದರೆ, ಎಂಬ ಮಾತು ಬೀಳುತ್ತದೆ. ಡಾಕ್ಟರು ಎಕ್ಸ್‌ರೇ ತೋರಿಸಿ ಆ ಹೆಸರು ಹೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಆಪರೇಷನ್ ಮಾಡಿಸಲೇಬೇಕಾ? ಎಷ್ಟು ಖರ್ಚಾಗುತ್ತೆ? ಮಾಡಿಸದಿದ್ದರೆ ಕಾಲೇ ಬಿದ್ದುಹೋಗುತ್ತಾ?

ಅಷ್ಟು ಹೆದರಬೇಡಿ. ಆಪರೇಷನ್ ಇಲ್ಲದೆ ನೋಡಿಕೊಂಡ 68 ಎಳೆ ನಾಯಿಗಳ ಬಗ್ಗೆ ಬ್ರಿಟನ್ನಿನ ಪಶುವೈದ್ಯರು 1987ರಲ್ಲಿ ವರದಿ ಪ್ರಕಟಿಸಿದ್ದರು. ವರ್ಷಗಳ ನಂತರ ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ನಾಯಿಗಳ ನಡಿಗೆಯಲ್ಲಿ ದೊಡ್ಡ ದೋಷವೇನೂ ಇರಲಿಲ್ಲ. ಕೀಲಿನ ಆಕಾರ ಮಾತ್ರೆಯಿಂದಲೂ ಸರಿಹೋಗುವುದಿಲ್ಲ, ಮಸಾಜಿನಿಂದಲೂ ಸರಿಹೋಗುವುದಿಲ್ಲ, ನಿಜ. ಆದರೆ ನೋವು ಕಡಿಮೆ ಮಾಡಬಹುದು, ಹಿಂಗಾಲಿನ ಮಾಂಸಖಂಡ ಗಟ್ಟಿ ಮಾಡಬಹುದು, ಕೀಲಿನ ಸವೆತ ನಿಧಾನವಾಗುವಂತೆ ನೋಡಿಕೊಳ್ಳಬಹುದು. ಇದರಲ್ಲಿ ಬಹುಪಾಲು ಕೆಲಸ ನಡೆಯಬೇಕಾದದ್ದು ನಿಮ್ಮ ಮನೆಯಲ್ಲಿ, ಅದರಲ್ಲೂ ಊಟದ ತಟ್ಟೆಯಲ್ಲಿ.

ಒಳಗೆ ಆಗಿರುವುದೇನು?

ತೊಡೆಮೂಳೆಯ ಮೇಲ್ತುದಿ ಗುಂಡಗಿರುತ್ತದೆ. ಒರಳಿನ ಗುಳಿಯಲ್ಲಿ ಗುಂಡು ಕೂತ ಹಾಗೆ ಅದು ಸೊಂಟದ ಮೂಳೆಯ ಗುಳಿಯಲ್ಲಿ ಕೂತು ತಿರುಗಬೇಕು. ಈ ತೊಂದರೆ ಇರುವ ನಾಯಿಯಲ್ಲಿ ಕೀಲು ಸಡಿಲ, ಗುಳಿಯ ಆಳವೂ ಸಾಲದು. ನಡೆದಾಗಲೆಲ್ಲ ಮೂಳೆಯ ತುದಿ ಆಚೀಚೆ ಸರಿದು ಅಂಚಿಗೆ ಬಡಿಯುತ್ತದೆ. ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಮೃದ್ವಸ್ಥಿ ಸವೆಯುತ್ತದೆ, ಕ್ರಮೇಣ ಸಂಧಿವಾತ ಶುರುವಾಗುತ್ತದೆ.

ಹುಟ್ಟಿದಾಗ ಮರಿಯ ಸೊಂಟ ನೋಡಲು ಸರಿಯಾಗಿಯೇ ಇರುತ್ತದೆ. ಸಡಿಲ ಆಗುವುದು ಬೆಳೆಯುವ ತಿಂಗಳುಗಳಲ್ಲಿ. ಈ ಗುಣ ವಂಶದಿಂದ ಬಂದರೂ ಅದು ಎಷ್ಟು ಜೋರಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಮರಿ ಎಷ್ಟು ತಿಂದಿತು, ಎಷ್ಟು ಬೇಗ ತೂಕ ಏರಿತು ಎಂಬುದರ ಮೇಲೂ ನಿಂತಿದೆ. ವರ್ಷ ತುಂಬುವ ಮೊದಲೇ ಕುಂಟಿದ ಮರಿಗಳು ಎಷ್ಟೋ ಸಲ ಆಮೇಲೆ ಸುಧಾರಿಸುತ್ತವೆ. ಕೀಲಿನ ಸುತ್ತಲಿನ ಪೊರೆ ದಪ್ಪವಾಗಿ ಬಿಗಿ ಬರುವುದೇ ಇದಕ್ಕೆ ಕಾರಣ. ವಯಸ್ಸಾದ ಮೇಲೆ ಮತ್ತೆ ನೋವು ಬಂದರೆ ಅದು ಸಂಧಿವಾತದ್ದು.

ಮೊದಲು ಖಚಿತ ಮಾಡಿಕೊಳ್ಳಿ

ಮಲಗಿದ್ದ ನಾಯಿ ಏಳುವುದನ್ನು ಒಮ್ಮೆ ಗಮನಿಸಿ. ಆರೋಗ್ಯವಾಗಿರುವ ನಾಯಿ ಚಂಗನೆ ಎದ್ದುಬಿಡುತ್ತದೆ. ಸೊಂಟ ನೋಯುವ ನಾಯಿ ಮೊದಲು ಮುಂಗಾಲು ಊರುತ್ತದೆ, ಒಂದು ಕ್ಷಣ ಹಾಗೇ ಕೂರುತ್ತದೆ, ಆಮೇಲೆ ಮೈಭಾರವನ್ನು ಭುಜದ ಮೇಲೆ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಮೊದಲ ಕೆಲವು ಹೆಜ್ಜೆ ಬಿಗಿ, ನಡೆದಂತೆ ಸಲೀಸು. ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದ ಥರ ಕುಪ್ಪಳಿಸುತ್ತದೆ. ಮೆಟ್ಟಿಲ ಬುಡದಲ್ಲಿ ನಿಂತು ನಿಮ್ಮ ಮುಖ ನೋಡುತ್ತದೆ. ದಿನ ಕಳೆದಂತೆ ತೊಡೆ ಸಣ್ಣಗಾಗಿ ಎದೆ, ಭುಜ ದಪ್ಪವಾಗುತ್ತವೆ.

'ಕುಂಯ್ ಅನ್ನಲ್ಲ, ಹಾಗಾಗಿ ನೋವಿಲ್ಲ' ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ಬಹುಕಾಲದ ನೋವನ್ನು ನಾಯಿ ಬಾಯಿಬಿಟ್ಟು ಹೇಳುವುದಿಲ್ಲ. ಆಟ ಬಿಡುತ್ತದೆ, ಜಾಸ್ತಿ ಮಲಗುತ್ತದೆ, ಸೊಂಟ ಮುಟ್ಟಿದರೆ ಗುರ್ರೆನ್ನುತ್ತದೆ, ಅಷ್ಟೇ.

ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು, ಮೂರನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಡಾಕ್ಟರಿಗೆ ತೋರಿಸಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ಕುಂಟುವುದನ್ನೇ ಮರೆಯುತ್ತದೆ. ಹಿಂಗಾಲಿನ ತೊಂದರೆಯೆಲ್ಲ ಸೊಂಟದ್ದೇ ಆಗಬೇಕೆಂದಿಲ್ಲ. ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಉಣುಗು ಕಚ್ಚಿ ಬರುವ ಟಿಕ್ ಫೀವರ್‌ನಲ್ಲೂ ಕೀಲು ನೋಯುತ್ತದೆ, ನಮ್ಮ ಕಡೆ ಇದು ತುಂಬಾ ಸಾಮಾನ್ಯ, ರಕ್ತ ಪರೀಕ್ಷೆ ಮಾಡಿಸಿ. ವಯಸ್ಸಾದ ಜರ್ಮನ್ ಶೆಫರ್ಡ್ ನೋವಿಲ್ಲದೆಯೇ ಪಾದ ಮಡಚಿಕೊಂಡು ಉಗುರು ಎಳೆಯುತ್ತಿದ್ದರೆ ಅದು ಬೆನ್ನುಹುರಿಯ ಕಾಯಿಲೆ ಇರಬಹುದು.

ಎಕ್ಸ್‌ರೇ ತೆಗೆಯುವಾಗ ಮಂಪರಿನ ಔಷಧ ಕೊಟ್ಟು, ಅಂಗಾತ ಮಲಗಿಸಿ, ಹಿಂಗಾಲು ನೇರ ಚಾಚಿಸಬೇಕು. ಎಚ್ಚರವಿರುವ ನಾಯಿಯನ್ನು ಅದುಮಿ ಹಿಡಿದು ತೆಗೆದ ಚಿತ್ರದಲ್ಲಿ ಸೊಂಟ ಸರಿಯಾಗಿ ಕಾಣುವುದಿಲ್ಲ. ಹತ್ತಿರದಲ್ಲಿ ಸೌಲಭ್ಯ ಇಲ್ಲದಿದ್ದರೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಇನ್ನೊಂದು ಮಾತು: ಫಿಲ್ಮಿನಲ್ಲಿ ಸೊಂಟ ತೀರಾ ಕೆಟ್ಟಿದ್ದರೂ ಆರಾಮಾಗಿ ಓಡಾಡುವ ನಾಯಿಗಳಿವೆ. ಚಿಕಿತ್ಸೆ ಎಷ್ಟು ಬೇಕು ಎಂಬುದನ್ನು ನಾಯಿಯ ನಡಿಗೆ ನೋಡಿ ತೀರ್ಮಾನಿಸಬೇಕು.

ತೂಕ ಇಳಿಸಿ, ಉಳಿದದ್ದೆಲ್ಲ ಆಮೇಲೆ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದಿದೆ. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಡಿಮೆ ತಿಂದ ನಾಯಿಗಳು ಸರಾಸರಿ 1.8 ವರ್ಷ ಹೆಚ್ಚು ಬದುಕಿದ್ದವು, ಅವುಗಳ ಸೊಂಟದ ಸಂಧಿವಾತವೂ ತಡವಾಗಿ, ಕಡಿಮೆ ಪ್ರಮಾಣದಲ್ಲಿ ಬಂದಿತ್ತು. ಇದಕ್ಕೆ ಸಮನಾದ ಮಾತ್ರೆ ಯಾವುದೂ ಇಲ್ಲ. ದಪ್ಪಗಾದ ನಾಯಿಯ ತೂಕದಲ್ಲಿ ಶೇ 6ರಷ್ಟು ಇಳಿದರೂ ಕುಂಟುವುದು ಕಡಿಮೆಯಾಗುತ್ತದೆ. 40 ಕಿಲೋ ಲ್ಯಾಬ್‌ಗೆ ಅದು ಎರಡೂವರೆ ಕಿಲೋ ಕೂಡ ಆಗುವುದಿಲ್ಲ.

ದಪ್ಪ ಇದೆಯೋ ಇಲ್ಲವೋ ನೋಡುವುದಕ್ಕೆ ತಕ್ಕಡಿಯೇ ಬೇಕಿಲ್ಲ. ನಿಮ್ಮ ಅಂಗೈ ಕೆಳಗೆ ಮಾಡಿ ಚಾಚಿ, ಬೆರಳ ಬುಡದ ಮೇಲ್ಭಾಗ ಸವರಿಕೊಳ್ಳಿ. ನಾಯಿಯ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣು ಚುಚ್ಚುವ ಹಾಗಿದ್ದರೆ ಸಣ್ಣ. ಅಂಗೈಯನ್ನು ಒತ್ತಿದ ಹಾಗೆ ಮೆತ್ತಗಿದ್ದರೆ ದಪ್ಪ. ಮೇಲಿನಿಂದ ನೋಡಿದಾಗ ಪಕ್ಕೆಯ ಹಿಂದೆ ನಡು ಒಳಸರಿದಿರಬೇಕು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಓಡಾಡುವ ಲ್ಯಾಬ್‌ಗಳಲ್ಲಿ ನಡು ಕಾಣುವುದೇ ಅಪರೂಪ, ನೋಡಿದರೆ ಸಂಕಟವಾಗುತ್ತದೆ.

ಊಟವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ತೂಗಿ ಹಾಕಿ. ವಾರಕ್ಕೆ ಮೈತೂಕದ ಶೇ 1ರಿಂದ 2ರಷ್ಟು ಇಳಿದರೆ ಸಾಕು, ಉಪವಾಸ ಕೆಡವಬೇಡಿ. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ಬೆಳಗಿನ ಕಾಫಿ ಜೊತೆ ಅಜ್ಜ ಕೊಡುವ ಮಾರಿ ಬಿಸ್ಕತ್ತು, ಅಜ್ಜಿ ಹಾಕುವ ತುಪ್ಪ ಸವರಿದ ಚಪಾತಿ, ಮಕ್ಕಳ ತಟ್ಟೆಯಿಂದ ಜಾರುವ ದೋಸೆ ಚೂರು ಎಲ್ಲವೂ ಲೆಕ್ಕಕ್ಕೆ ಬರಬೇಕು. ಪ್ರೀತಿಯಿಂದ ಕೊಡುವವರ ಕೈ ತಡೆಯುವುದು ಕಷ್ಟ, ಅದಕ್ಕೇ ಬದಲಿ ಇಟ್ಟಿರಿ: ಸೌತೆಕಾಯಿ ಹೋಳು, ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್ಟು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ, ಅವು ನಾಯಿಗೆ ವಿಷ. ಎಷ್ಟು ಕಡಿಮೆ ಮಾಡಿದರೂ ತೂಕ ಇಳಿಯದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಜಾರುವ ನೆಲಕ್ಕೆ ಹಿಡಿತ ಕೊಡಿ

ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್ ಈ ನಾಯಿಗಳ ಶತ್ರು. ಹಿಂಗಾಲು ಪಕ್ಕಕ್ಕೆ ಜಾರಿದಾಗಲೆಲ್ಲ ಸಡಿಲ ಕೀಲು ಇನ್ನಷ್ಟು ಎಳೆಯುತ್ತದೆ. ನಾಯಿ ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಹಾಸಿ ಒಂದು ದಾರಿ ಮಾಡಿ. ಹಳೆಯ ಯೋಗ ಮ್ಯಾಟ್ ಆದರೂ ನಡೆಯುತ್ತದೆ. ಗೋಣಿತಾಟು ಹಾಸಿದರೆ ಅಡಿಯಲ್ಲಿ ಜಾರದ ಹಾಗೆ ಅಂಟಿಸಿ. ಉಗುರು ಕತ್ತರಿಸಿ, ಪಾದದಡಿ ಬೆರಳ ಸಂದಿಯಲ್ಲಿ ಬೆಳೆದ ಕೂದಲನ್ನೂ ಕತ್ತರಿಸಿ.

ಹಾಸಿಗೆ ದಪ್ಪಗಿರಲಿ, ಮೊಳಕೈ ಊರಿದರೆ ನೆಲ ತಾಗಬಾರದು. ಸೋಫಾ, ಕಾರು ಹತ್ತಿ ಇಳಿಯಲು ಇಳಿಜಾರು ಹಲಗೆ ಇಡಿ. ಮೆಟ್ಟಿಲು ತಪ್ಪಿಸಲಾಗದಿದ್ದರೆ ಹಳೆಯ ಟರ್ಕಿ ಟವೆಲನ್ನು ಹಿಂಗಾಲಿನ ಮುಂದೆ ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಮೇಲೆ ಹಿಡಿದು ಸ್ವಲ್ಪ ಭಾರ ನೀವು ಹೊತ್ತುಕೊಳ್ಳಿ.

ನಡೆಸಿ, ಹಾರಿಸಬೇಡಿ

ನೋವಿದೆ ಎಂದು ಸುಮ್ನೆ ಮಲಗಿಸಿಟ್ಟರೆ ಮಾಂಸಖಂಡ ಕರಗುತ್ತದೆ, ಕೀಲಿಗೆ ಆಸರೆಯೇ ಇಲ್ಲದಾಗುತ್ತದೆ. ವಾರವೆಲ್ಲ ಮಲಗಿಸಿ ಭಾನುವಾರ ನಂದಿ ಬೆಟ್ಟ ಹತ್ತಿಸಿದರೆ ಅದಕ್ಕಿಂತ ಕೆಟ್ಟದ್ದು. ಬೇಕಿರುವುದು ದಿನಾ ಒಂದೇ ಅಳತೆಯ ನಡಿಗೆ: 10-15 ನಿಮಿಷದಂತೆ ದಿನಕ್ಕೆ ಮೂರು ಸಲ, ಬೆಲ್ಟ್ ಹಾಕಿ, ಮಣ್ಣು ಅಥವಾ ಹುಲ್ಲಿನ ಮೇಲೆ, ನಿಧಾನವಾಗಿ. ನಿಧಾನವಾಗಿ ನಡೆದರೆ ನಾಲ್ಕೂ ಕಾಲನ್ನು ಊರಲೇಬೇಕು, ಬೇಗ ನಡೆದರೆ ನೋಯುವ ಕಾಲನ್ನು ತಪ್ಪಿಸಿಕೊಂಡುಬಿಡುತ್ತದೆ. ಮಾರನೇ ದಿನ ಹೆಚ್ಚು ಕುಂಟಿದರೆ ಹಿಂದಿನ ದಿನ ಜಾಸ್ತಿಯಾಯಿತು ಎಂದರ್ಥ, ಸಮಯ ಇಳಿಸಿ. ಚೆಂಡೆಸೆದು ಓಡಿಸುವುದು, ಹಿಂಗಾಲ ಮೇಲೆ ನಿಲ್ಲಿಸುವುದು ಬೇಡ.

ಮನೆಯಲ್ಲಿ ಮಾಡಿಸುವ ಒಳ್ಳೆಯ ವ್ಯಾಯಾಮ ಕೂತು ಏಳುವುದು. ಜಾರದ ಮ್ಯಾಟಿನ ಮೇಲೆ, ನಾಯಿಯ ಒಂದು ಪಕ್ಕ ಗೋಡೆಗೆ ತಾಗುವ ಹಾಗೆ ನಿಲ್ಲಿಸಿ. ಆಗ ಕಾಲು ಹೊರಗೆ ಚಾಚಿಕೊಂಡು ಕೂರಲಾಗುವುದಿಲ್ಲ. ಸೌತೆಕಾಯಿ ತೋರಿಸಿ ಕೂರಿಸಿ, ಹಿಮ್ಮಡಿ ಎರಡೂ ಮೈಯಡಿಗೆ ಬಂದಿವೆಯಾ ನೋಡಿ, ಆಮೇಲೆ ಕೈ ಮುಂದೆ ಸರಿಸಿ ಎಬ್ಬಿಸಿ. ಒಂದು ಸಲಕ್ಕೆ ಐದು ಸಾಕು. ಹಿಂಗಾಲು ನಡುಗಿದರೆ ಅಲ್ಲಿಗೇ ನಿಲ್ಲಿಸಿ. ನೋವು ಹತೋಟಿಗೆ ಬರುವ ಮುನ್ನ ಇದನ್ನು ಶುರು ಮಾಡಬೇಡಿ.

ಈಜು ಇನ್ನೂ ಒಳ್ಳೆಯದು, ನೀರು ಮೈಭಾರ ಹೊರುತ್ತದೆ. ಬೆಂಗಳೂರಿನಲ್ಲಿ ನಾಯಿಗಳಿಗೆಂದೇ ಈಜುಕೊಳಗಳಿವೆ. ಲೈಫ್ ಜಾಕೆಟ್ ಹಾಕಿಸಿ, ಇಳಿಯಲು ಇಳಿಜಾರು ಇದೆಯಾ ಕೇಳಿ. ಕೆರೆಯ ಜಾರುವ ದಂಡೆಯಲ್ಲಿ ಈಜಿಸುವ ಸಾಹಸ ಬೇಡ.

ಔಷಧದ ವಿಷಯದಲ್ಲಿ ಜೋಪಾನ

ನಿಮ್ಮ ಮನೆಯ ಔಷಧದ ಡಬ್ಬಿ ಮುಟ್ಟಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಕಾಂಬಿಫ್ಲಾಮ್, ವೊವೆರಾನ್ ಕೊಡಬೇಡಿ ಅನ್ನುವುದು ಅದಕ್ಕೇ. ನೋವಿನ ಮುಲಾಮೂ ಬೇಡ, ನಾಯಿ ಅದನ್ನು ನೆಕ್ಕಿಬಿಡುತ್ತದೆ.

ನಾಯಿಗಳಿಗೆ ಪಶುವೈದ್ಯರು ಬರೆಯುವುದು ಮೆಲಾಕ್ಸಿಕಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್‌ನಂತಹವು. ಶುರು ಮಾಡುವ ಮೊದಲು ಲಿವರ್, ಕಿಡ್ನಿಯ ರಕ್ತ ಪರೀಕ್ಷೆ ಆಗಬೇಕು, ದಿನಾ ಕೊಡುವುದಾದರೆ ಕೆಲವು ತಿಂಗಳಿಗೊಮ್ಮೆ ಮತ್ತೆ. ಊಟದ ಜೊತೆ ಕೊಡಿ. ಚರ್ಮದ ಕಡಿತಕ್ಕೆ ಪ್ರೆಡ್ನಿಸೊಲೋನ್ ಥರದ ಸ್ಟಿರಾಯ್ಡ್ ನಡೆಯುತ್ತಿದ್ದರೆ ತಪ್ಪದೆ ಹೇಳಿ, ಎರಡೂ ಒಟ್ಟಿಗೆ ಸಲ್ಲದು. ವಾಂತಿ, ಊಟ ಬಿಡುವುದು, ಟಾರಿನಂತೆ ಕಪ್ಪು ಮಲ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ.

ಮೀನೆಣ್ಣೆಯ ಒಮೆಗಾ-3 ಸಂಧಿವಾತಕ್ಕೆ ಉಪಯೋಗ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ಪ್ರಮಾಣ ಡಾಕ್ಟರನ್ನೇ ಕೇಳಿ. ಕಾಡ್ ಲಿವರ್ ಎಣ್ಣೆ ಬೇರೆ, ಅದರಲ್ಲಿ ಎ ಮತ್ತು ಡಿ ವಿಟಮಿನ್ ಹೆಚ್ಚಾಗಿ ತೊಂದರೆಯಾದೀತು. ಅಗಸೆ ಎಣ್ಣೆಯ ಒಮೆಗಾ-3 ನಾಯಿಯ ದೇಹಕ್ಕೆ ಅಷ್ಟಾಗಿ ದಕ್ಕುವುದಿಲ್ಲ. ಗ್ಲುಕೋಸಮೈನ್ ಮಾತ್ರೆಗಳಿಗೆ ಆಧಾರ ಗಟ್ಟಿಯಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದನ್ನು ರಕ್ತ ಪರೀಕ್ಷೆಗೆ, ಮ್ಯಾಟಿಗೆ ಹಾಕಿ ಅಂತಲೇ ನಾನು ಹೇಳುವುದು.

ಚಳಿ, ಮಳೆಯ ದಿನಗಳಲ್ಲಿ ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ, ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ, ಹಿತವೆನಿಸಿದರೆ 10 ನಿಮಿಷ ಸೊಂಟದ ಮೇಲಿಡಿ. ವಾಕಿಂಗ್ ಅದಾದ ಮೇಲೆ.

ಮರಿಗೆ ಕ್ಯಾಲ್ಸಿಯಂ ಸಿರಪ್ ಬೇಡ

ದೊಡ್ಡ ಜಾತಿಯ ಮರಿ ತಂದ ಕೂಡಲೇ ಮೂಳೆ ಗಟ್ಟಿಯಾಗಲಿ ಎಂದು ಸಿರಪ್ ಕುಡಿಸುವವರೇ ಹೆಚ್ಚು. ಜಾಸ್ತಿಯಾದ ಕ್ಯಾಲ್ಸಿಯಂ ಹೀರಿಕೊಳ್ಳದಂತೆ ತಡೆಯುವ ಶಕ್ತಿ ಎಳೆ ಮರಿಯ ಕರುಳಿಗೆ ಇರುವುದಿಲ್ಲ. ಅದರಿಂದ ಮೂಳೆಯ ಬೆಳವಣಿಗೆಯೇ ಕೆಡುತ್ತದೆ. ದೊಡ್ಡ ಜಾತಿಯ ಮರಿಗೆಂದೇ ಮಾಡಿದ ಸಮತೋಲನದ ಆಹಾರ ಕೊಡುತ್ತಿದ್ದರೆ ಸಿರಪ್ ಬೇಕಿಲ್ಲ. ಗುಂಡುಗುಂಡಾಗಿ ಬೆಳೆಸುವ ಆಸೆಯೂ ಬೇಡ, ತೆಳ್ಳಗೆ, ನಿಧಾನವಾಗಿ ಬೆಳೆಯಲಿ.

ಇಷ್ಟನ್ನೂ ಎರಡು ಮೂರು ತಿಂಗಳು ಬಿಡದೆ ಮಾಡಿ, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅದೇ ಥರ ವಿಡಿಯೊ ತೆಗೆದು ಹೋಲಿಸಿ. ಔಷಧ ಇದ್ದೂ ನಾಯಿ ರಾತ್ರಿ ನಿದ್ದೆ ಮಾಡುತ್ತಿಲ್ಲ, ಎದ್ದು ನಿಲ್ಲಲು ಒದ್ದಾಡುತ್ತಿದೆ ಎಂದಾದರೆ ಮೂಳೆ ತಜ್ಞ ಪಶುವೈದ್ಯರ ಹತ್ತಿರ ಆಪರೇಷನ್ ಮಾತು ಎತ್ತಿ. ಅದನ್ನು ಸೋಲು ಅಂದುಕೊಳ್ಳಬೇಡಿ, ಕೆಲವು ನಾಯಿಗಳಿಗೆ ಅದೇ ಸರಿ. ಮತ್ತೆ, ಎಷ್ಟೇ ಮುದ್ದಾಗಿರಲಿ, ಈ ತೊಂದರೆ ಇರುವ ನಾಯಿಯಿಂದ ಮರಿ ಮಾಡಿಸಬೇಡಿ. ಮುಂದೆ ಮರಿ ಕೊಳ್ಳುವಾಗ ಮಾರುವವರ ಹತ್ತಿರ ಅಪ್ಪ, ಅಮ್ಮ ಎರಡರದ್ದೂ ಸೊಂಟದ ಎಕ್ಸ್‌ರೇ ಕೇಳಿ, ಇಲ್ಲ ಎಂದರೆ ಬೇರೆ ಕಡೆ ಹುಡುಕಿ.