ಗಾಜಿನಂಥ ಐಸ್, ನಮ್ಮ ಮಡಿಕೇರಿ ಮನೆಯಲ್ಲೇ

ನಮ್ಮ ಹೋಂಸ್ಟೇಯಲ್ಲಿ ಪ್ಯಾಶನ್ ಫ್ರೂಟ್ ಶರಬತ್ತಿಗೆ ಹಾಕುವ ಐಸ್ ತುಂಡನ್ನು ಪೇಪರ್ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದು. ಒಳಗೆ ಒಂದು ಬಿಳಿ ಗೆರೆಯೂ ಇಲ್ಲ. "ಮಿಷನ್ ಇಲ್ಲದೆ ಇದು ಆಗೋದಲ್ಲ, ಸುಮ್ನೆ ಕರೆಂಟ್ ಬಿಲ್ ಕಟ್ತೀರಿ ಅಣ್ಣಾ" ಎಂದಿದ್ದ ಫ್ರಿಜ್ ರಿಪೇರಿ ಹುಡುಗ ಮೊನ್ನೆ ಬಂದು ವಿಡಿಯೊ ಮಾಡಿಕೊಂಡು ಹೋದ.

ಎಲ್ಲರೂ ಹೇಳುವುದು ನೀರು ಕುದಿಸಿ ಅಂತ. ಕುದಿಸಿದೆ, ಎರಡೆರಡು ಸಲ. ಮಡಿಕೇರಿ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದಲ್ವಾ, ಕುಕ್ಕರಿನಲ್ಲಿ ಹಾಕಿ ನೋಡಿ ಎಂದರು ಒಬ್ಬರು. ಅದೂ ಆಯಿತು. ನಡುವಿನ ಬಿಳಿ ಸ್ವಲ್ಪ ಕಮ್ಮಿಯಾಯಿತೇ ಹೊರತು ಹೋಗಲಿಲ್ಲ. ಫಿಲ್ಟರಿಗೆ ಹತ್ತು ಹನ್ನೆರಡು ಸಾವಿರ ಹೋಯಿತು. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೂ ಪರೀಕ್ಷೆಗೆಂದು ಟ್ರೇಯಲ್ಲಿಟ್ಟೆ. ಲವಣವೇ ಇಲ್ಲದ ಆ ನೀರೂ ನಡುವೆ ಬೆಳ್ಳಗಾಯಿತು. ಆಗಲೇ ನನಗೆ ಖಾತ್ರಿಯಾದದ್ದು, ಕಾಟ ಕೊಡುತ್ತಿರುವುದು ನೀರಿನಲ್ಲಿ ಕರಗಿರುವ ಗಾಳಿ ಅಂತ.

ಐಸ್ ಕಟ್ಟುವಾಗ ಗಾಳಿಯನ್ನೂ ಲವಣವನ್ನೂ ಹೊರಗೆ ತಳ್ಳುತ್ತದೆ. ಟ್ರೇಯಲ್ಲಿ ಎಲ್ಲ ಕಡೆಯಿಂದ ಚಳಿ ಬರುವುದರಿಂದ ಅವು ನಡುವೆ ಸಿಕ್ಕಿಕೊಳ್ಳುತ್ತವೆ. ಚಳಿ ಮೇಲಿನಿಂದ ಮಾತ್ರ ಬಂದರೆ ಕೆಳಗೆ ಇಳಿಯುತ್ತಾ ಹೋಗುತ್ತವೆ. ಚಳಿ ದೇಶದ ಕೆರೆಗಳಲ್ಲೂ ಹೀಗೇ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದು ತಳಕ್ಕಿಳಿಯುತ್ತದೆ. ಅದಕ್ಕಿಂತ ತಣ್ಣಗಿರುವುದು ಮೇಲೆ ಉಳಿದು ಅಲ್ಲೇ ಗಟ್ಟಿಯಾಗುತ್ತದೆ.

ಪಕ್ಕದಿಂದಲೂ ತಳದಿಂದಲೂ ಚಳಿ ತಾಗದಿರಲೆಂದು ಮೊದಲು ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಾಡಿದೆ. ಎಷ್ಟು ತೊಳೆದರೂ ವಾಸನೆ ಹೋಗದು. ಆಮೇಲೆ ಪಿಕ್ನಿಕ್ಕಿಗೆ ಒಯ್ಯುವ ಐಸ್ ಬಾಕ್ಸ್ ತಂದೆ, ಏಳೆಂಟುನೂರು ರೂಪಾಯಿ. ಮುಚ್ಚಳ ಬಿಚ್ಚಿ, ಸಾದಾ ನಲ್ಲಿ ನೀರು ತುಂಬಿ, ಡೀಪ್ ಫ್ರೀಜರಿನಲ್ಲಿಟ್ಟೆ. ಫ್ರೀಜರ್ ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯದ್ದು, ಒಂಬತ್ತು ಸಾವಿರದ ಹತ್ತಿರ ಕೊಟ್ಟಿದ್ದೇನೆ.

ಪೂರ್ತಿ ಗಟ್ಟಿಯಾಗಲು ಬಿಡಬೇಡಿ. ನೀರು ಐಸಾದಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ತಳದ ನೀರಿಗೆ ಜಾಗ ಸಿಗದೆ ಇಡೀ ಗಡ್ಡೆ ಬಿರುಕು ಬಿಡುತ್ತದೆ, ಒಂದು ಬಾಕ್ಸೂ ಸೀಳಿಹೋಯಿತು. ಒಂದು ದಿನದ ಆಸುಪಾಸಿನಲ್ಲಿ, ಮುಕ್ಕಾಲು ಗಟ್ಟಿಯಾದಾಗ ತೆಗೆದು ಉಳಿದ ನೀರು ಚೆಲ್ಲಿ. ಮೊದಲ ಇಂಚು ಬೇಗ ಕಟ್ಟುತ್ತದೆ. ಆಮೇಲೆ ಆ ಐಸೇ ಚಳಿಗೆ ಅಡ್ಡವಾಗಿ ನಿಧಾನವಾಗುತ್ತದೆ, ಅವಸರ ಬೇಡ.

ಕತ್ತರಿಸುವಾಗ ಜಾಸ್ತಿ ಜನ ಸೋಲುತ್ತಾರೆ. ತೆಗೆದ ಕೂಡಲೇ ಗಡ್ಡೆಯ ಮೈಮೇಲೆ ಬೂದಿ ಹಚ್ಚಿದಂತೆ ಬಿಳಿ ಪುಡಿ ಇರುತ್ತದೆ. ಆಗ ಚಾಕು ಮುಟ್ಟಿಸಿದರೆ ಚಟ್ ಎಂದು ಅಡ್ಡಾದಿಡ್ಡಿ ಸೀಳುತ್ತದೆ. ಪುಡಿ ಕರಗಿ ಮೈ ಒದ್ದೆಯಾಗಿ ಹೊಳೆಯುವ ತನಕ ಕಾಯಿರಿ. ಬ್ರೆಡ್ ಚಾಕುವಿನಲ್ಲಿ ಸುತ್ತ ಗೀರಿ, ಅದರ ಬೆನ್ನಿಗೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಗೀರಿದ ಸಾಲಿನಲ್ಲೇ ಬಿಟ್ಟುಕೊಳ್ಳುತ್ತದೆ.

ಇದೇ ಬಾಕ್ಸಿನಲ್ಲಿ ಕಾಫಿ ಡಿಕಾಕ್ಷನ್ ಇಟ್ಟು ನೋಡಿದೆ. ಮೇಲಿನ ಐಸಿನ ಬಣ್ಣ ತೆಳುವಾಯಿತು, ತಳದಲ್ಲಿ ಉಳಿದದ್ದು ನಾಲಿಗೆ ಹಿಡಿಯುವಷ್ಟು ಸ್ಟ್ರಾಂಗ್. ನಮ್ಮ ರೊಬಸ್ಟಾ ಹೀಗೆ ಗಟ್ಟಿಯಾದರೆ ತಣ್ಣನೆ ಹಾಲಿಗೆ ಎರಡೇ ಚಮಚ ಸಾಕು.

ಹೂಮಳೆ ಬಿದ್ದ ಮೇಲೆ, ಔಷಧಿ ಹೊಡೆಯದ ಗಿಡದ ಕಾಫಿ ಹೂವನ್ನೂ ಐಸಿನೊಳಗೆ ಕೂರಿಸುತ್ತೇನೆ. ಹೂ ತೇಲುತ್ತದೆ, ನಡುವೆ ನಿಲ್ಲುವುದಿಲ್ಲ. ನಿಲ್ಲಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ, ಮದುವೆ ಆರ್ಡರುಗಳು ಅದರಿಂದಲೇ ಬರುತ್ತಿವೆ. ಸಾದಾ ತುಂಡಿಗೆ ಹದಿನೈದು ರೂಪಾಯಿ, ಹೂವಿನದಕ್ಕೆ ನಲವತ್ತು. ಫ್ರೀಜರಿನ ದುಡ್ಡು ಒಂದೇ ಸೀಸನ್ನಿನಲ್ಲಿ ವಾಪಸ್ ಬಂತು.

ಮಳೆಗಾಲದಲ್ಲಿ ಕರೆಂಟಿನದ್ದೇ ಚಿಂತೆ. ಒಂದು ಕೆಜಿ ಐಸ್ ಕರಗಲು ಬೇಕಾಗುವ ಶಾಖ ಅಷ್ಟೇ ನೀರನ್ನು ಶೂನ್ಯದಿಂದ 80 ಡಿಗ್ರಿಗೆ ಕಾಯಿಸುತ್ತದೆ. ಹಾಗಾಗಿ ತುಂಬಿದ ಫ್ರೀಜರಿನ ಬಾಗಿಲು ತೆಗೆಯದಿದ್ದರೆ ಒಂದು ದಿನ ಧಾರಾಳವಾಗಿ ತಡೆಯುತ್ತದೆ. ಜೂನ್ ಬರುವ ಮೊದಲೇ ನಾನು ಖಾಲಿ ಜಾಗಕ್ಕೆಲ್ಲ ಐಸ್ ಗಡ್ಡೆ ತುಂಬಿಸಿಡುತ್ತೇನೆ.