ಗೇರ್‌ಬಾಕ್ಸ್ ಹಿಂದೆ ಆಯಿಲ್ ಸೋರುತ್ತಿದೆಯಾ? ಸೀಲ್ ತರುವ ಮೊದಲು ಇಷ್ಟು ನೋಡಿ

ಗೋವಾದಲ್ಲಿ ಮಳೆ ನಿಂತ ಮೇಲೆ ಫೋರ್ ವೀಲ್ ಗಾಡಿಗಳ ಸೀಸನ್ನು. ಕುಳೆಂನಿಂದ ದೂಧಸಾಗರಕ್ಕೆ ಹೋಗುವ ಜೀಪುಗಳು ಹಳ್ಳ ದಾಟಿಕೊಂಡೇ ಹೋಗಬೇಕು. ಸತ್ತರಿ, ಸಾಂಗೆಂ ಕಡೆ ತೋಟಕ್ಕೆ ಸಾಮಾನು ಹೊರುವ ಪಿಕಪ್‌ಗಳಿಗೂ ಅದೇ ಕೆಸರು, ಅದೇ ನೀರು. ಆಮೇಲೆ ಒಂದು ದಿನ ಗಾಡಿ ನಿಲ್ಲಿಸಿದ ಜಾಗದಲ್ಲಿ ಆಯಿಲ್ ಹನಿ ಕಾಣಿಸುತ್ತದೆ. ಫೋಂಡಾದಲ್ಲೋ ವಾಸ್ಕೋದಲ್ಲೋ ಗದಗ, ಬಾಗಲಕೋಟೆ ಕಡೆಯ ಮಿಸ್ತ್ರಿ ಒಬ್ಬರು ಸಿಕ್ಕೇ ಸಿಗುತ್ತಾರೆ. "ಅಣ್ಣಾ, ಒಂದು ಸೀಲ್ ಹಾಕಿಬಿಡ್ರಿ" ಅಂದು ಕೀ ಕೊಟ್ಟು ಬರುತ್ತೇವೆ. ಸೀಲ್ ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂತು ಆಯಿಲ್ ತಡೆಯುವ ಬಳೆ. ಎರಡು ತಿಂಗಳಿಗೆ ಮತ್ತೆ ಹನಿ. ಯಾಕೆಂದರೆ ಬಹಳ ಸಲ ತಪ್ಪು ಸೀಲಿನದ್ದಲ್ಲ. ಅದು ಯಾಕೆ ಸೋರಿತು ಅಂತ ಯಾರೂ ನೋಡಿರುವುದಿಲ್ಲ.

ಗೇರ್‌ಬಾಕ್ಸ್‌ನಿಂದ ಬರುವ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್. ಹೆಚ್ಚಿನ ಪಿಕಪ್‌ಗಳಲ್ಲಿ ಅದು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿರುತ್ತದೆ. ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳು, ಅಂದರೆ ಸ್ಪ್ಲೈನ್, ಟ್ರಾನ್ಸ್‌ಫರ್ ಕೇಸಿನೊಳಗೆ ಹೋಗಿ ಕೂರುತ್ತವೆ. ಮಾರುತಿ ಜಿಪ್ಸಿಯಲ್ಲಿ ಹಾಗಲ್ಲ. ಅಲ್ಲಿ ಟ್ರಾನ್ಸ್‌ಫರ್ ಕೇಸ್ ಬೇರೆಯೇ ಇದೆ, ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್, ಅಂದರೆ ತಿರುಗುತ್ತಾ ಶಕ್ತಿ ಒಯ್ಯುವ ದಂಡ, ಇದೆ. ಇಲ್ಲಿ ಹೇಳುತ್ತಿರುವುದು ಬೆನ್ನಿಗೆ ಬೋಲ್ಟ್ ಆದ ಬಗೆಯ ಬಗ್ಗೆ.

ಏನನ್ನೂ ಬಿಚ್ಚುವ ಮೊದಲು ಕೆಳಭಾಗ ಚೆನ್ನಾಗಿ ತೊಳೆದು, ಒಣಗಿಸಿ, ಒಂದು ಸುತ್ತು ಓಡಿಸಿ ಬನ್ನಿ. ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತದೆ. ಹಾಗಾಗಿ ಎಲ್ಲಕ್ಕಿಂತ ಮುಂದೆ ಮತ್ತು ಮೇಲೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರಿಕೆ. ಕೆಲವು ಗಾಡಿಗಳಲ್ಲಿ ಎರಡು ಹೌಸಿಂಗ್‌ಗಳ (ಅಂದರೆ ಹೊರಕವಚಗಳ) ನಡುವೆ ಕೆಳಗೊಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿಯುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ಆ ತೂತನ್ನು ಸೀಲಂಟ್ ಹಾಕಿ ಮುಚ್ಚುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಎರಡೂ ಕಡೆಯ ಆಯಿಲ್ ಲೆವೆಲ್ ನೋಡಿ. ಹೊರಗೆ ಒಂದು ಹನಿಯೂ ಇಲ್ಲ, ಆದರೆ ಗೇರ್‌ಬಾಕ್ಸ್‌ನಲ್ಲಿ ಕಡಿಮೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಜಾಸ್ತಿ ಇದೆ ಅಂದರೆ ಆಯಿಲ್ ಒಳಗೊಳಗೇ ದಾಟುತ್ತಿದೆ. ಇದು ನೆಲದ ಮೇಲಿನ ಹನಿಗಿಂತ ಕೆಟ್ಟದ್ದು, ಕಣ್ಣಿಗೆ ಬೀಳುವುದೇ ಇಲ್ಲವಲ್ಲ.

ಇನ್ನು ಬ್ರೀದರ್. ಕೇಸಿನ ಮೇಲೆ ಉಸಿರಾಡಲಿಕ್ಕೆ ಇರುವ ಸಣ್ಣ ಮುಚ್ಚಳ ಅಥವಾ ಪೈಪು. ಅದರಲ್ಲಿ ಕೆಸರು ಕಟ್ಟಿಕೊಂಡರೆ, ಆಯಿಲ್ ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಹೋಗಲು ದಾರಿ ಇಲ್ಲ. ಆಗ ಆಯಿಲ್ ಸೀಲನ್ನೇ ದಾಟಿ ಹೊರಗೆ ಬರುತ್ತದೆ. ಹಳ್ಳಕ್ಕೆ ಇಳಿದಾಗ ಇದರ ಉಲ್ಟಾ: ಬಿಸಿ ಕೇಸ್ ಥಟ್ಟನೆ ತಣ್ಣಗಾಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತೆಗೆದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಹಳ್ಳ ದಾಟುವ ಗಾಡಿಗೆ ಬ್ರೀದರ್ ಪೈಪನ್ನು ಬಾನೆಟ್‌ವರೆಗೆ ಎತ್ತಿ ಕಟ್ಟಿಸಿಕೊಳ್ಳಿ. ಸೀಲಿಗಿಂತ ಅಗ್ಗದ ಕೆಲಸ.

ಬ್ರೀದರ್ ಸ್ವಚ್ಛ ಮಾಡಿದ ಮೇಲೂ ಸೋರುತ್ತಿದ್ದರೆ ಬಿಚ್ಚಬೇಕು. ಸಮತಟ್ಟಾದ ಜಾಗ, ಚಕ್ರಗಳಿಗೆ ಅಡ್ಡ ಮರದ ತುಂಡು, ಜಾಕ್ ಮೇಲೆ ನಂಬಿಕೆ ಇಡದೆ ಗಟ್ಟಿ ಸ್ಟ್ಯಾಂಡು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಯಿಲ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿ. ಆದರೆ ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್ಗು. ಆಯಿಲ್ ಎಲ್ಲ ಕೆಳಗೆ ಹರಿದುಹೋದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರಲೇ ಇಲ್ಲ ಅಂದರೆ ಹೊಸ ಆಯಿಲ್ ತುಂಬುವುದು ಎಲ್ಲಿಂದ, ಅಲ್ವಾ?

ಪ್ರೊಪೆಲ್ಲರ್ ಶಾಫ್ಟಿನ ಎರಡೂ ಫ್ಲಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಮುಖ) ಮೇಲೆ ಪೇಂಟಿನಿಂದ ಗುರುತು ಹಾಕಿ ಬಿಚ್ಚಿ. ವಾಪಸ್ ಅದೇ ಗುರುತಿಗೆ ಕೂರಿಸದಿದ್ದರೆ ಗಾಡಿ ನಡುಗುತ್ತದೆ. ಗೇರ್ ಲಿವರ್ ಲಿಂಕೇಜು, ಸೆನ್ಸರ್ ವೈರು, ಬ್ರೀದರ್ ಪೈಪು ಎಲ್ಲ ಬಿಡಿಸಿ, ಗೇರ್‌ಬಾಕ್ಸ್‌ಗೆ ಕೆಳಗಿನಿಂದ ಆಸರೆ ಕೊಡಿ. ಟ್ರಾನ್ಸ್‌ಫರ್ ಕೇಸ್ ಭಾರ ಇರುತ್ತದೆ. ಗೇರ್‌ಬಾಕ್ಸ್ ಜಾಕ್ ಮತ್ತು ಇನ್ನೊಬ್ಬರ ಕೈ ಎರಡೂ ಬೇಕು. ಎಳೆಯುವಾಗ ನೇರವಾಗಿ ಹಿಂದಕ್ಕೆ, ಶಾಫ್ಟ್ ಮೇಲೆ ಜೋತು ಬೀಳಬಾರದು.

ಈಗ ನಿಂತು ನೋಡುವ ಹೊತ್ತು. ಸ್ಪ್ಲೈನ್ ಮೇಲೆ ಕೆಂಪು ಪುಡಿ ಇದ್ದರೆ ಅದು ಒಣಗಿ ಉಜ್ಜಿಕೊಂಡಿದೆ. ಹಲ್ಲಿನಲ್ಲಿ ಮೆಟ್ಟಿಲಿನಂತೆ ಸವೆತ ಬಿದ್ದಿದ್ದರೆ ಯಾವ ಗ್ರೀಸೂ ಉಳಿಸುವುದಿಲ್ಲ. ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿ. ಆಟ ಜಾಸ್ತಿ ಇದ್ದರೆ ಬೇರಿಂಗ್ ಹೋಗಿದೆ, ಹೊಸ ಸೀಲ್ ಹಾಕಿದರೂ ಶಾಫ್ಟ್ ಅದನ್ನು ತಿಂದುಹಾಕುತ್ತದೆ. ಸೀಲ್ ಕೂರುವ ಜಾಗದಲ್ಲಿ ಉಗುರು ಓಡಿಸಿ. ಗೆರೆ ತಾಗಿದರೆ ಶಾಫ್ಟಿನ ಮೇಲೆ ತೆಳು ಸ್ಲೀವ್ (ಲೋಹದ ಕೊಳವೆ) ಹಾಕಿಸಬೇಕು. ಹೌಸಿಂಗ್‌ನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿದರೂ ನಡೆಯುತ್ತದೆ.

ಹಳೆ ಸೀಲ್ ತೆಗೆಯುವಾಗ ಸ್ಕ್ರೂಡ್ರೈವರ್‌ನಿಂದ ಹೌಸಿಂಗ್ ಗೀರಬೇಡಿ. ಹೊಸದರ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ ಇರಬೇಕು. ಶಾಫ್ಟಿಗೆ ತಾಗುವ ಒಳ ಅಂಚಿಗೆ, ಅಂದರೆ ತುಟಿಗೆ, ಸ್ವಲ್ಪ ಗೇರ್ ಆಯಿಲ್ ಸವರಿ. ಟೆಫ್ಲಾನ್ ತುಟಿಯ ಕೆಲವು ಸೀಲುಗಳನ್ನು ಮಾತ್ರ ಒಣಗಿದ್ದಂತೆಯೇ ಹಾಕಬೇಕು, ಪ್ಯಾಕೆಟ್ ಓದಿಕೊಳ್ಳಿ. ಸ್ಪ್ಲೈನ್ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿದರೆ ತುಟಿ ಹರಿಯುವುದಿಲ್ಲ. ಸೀಲಿನಷ್ಟೇ ಅಗಲದ ಪೈಪ್ ಇಟ್ಟು ಸುತ್ತಲೂ ಸಮನಾಗಿ ಬಡಿಯಿರಿ.

ಗ್ರೀಸ್ ವಿಷಯದಲ್ಲಿ ನಮ್ಮವರ ಕೈ ಸ್ವಲ್ಪ ಧಾರಾಳ. ಎರಡೂ ಕಡೆ ಸೀಲ್ ಇದ್ದು ನಡುವಿನ ಸ್ಪ್ಲೈನ್‌ಗೆ ಆಯಿಲ್ ತಲುಪದಿದ್ದರೆ ಮಾತ್ರ ಮೋಲಿ (ಮಾಲಿಬ್ಡಿನಂ ಬೆರೆತ) ಗ್ರೀಸ್ ಹಚ್ಚಿ, ಅದೂ ತೆಳುವಾಗಿ. ತುಂಬಿದರೆ ಶಾಫ್ಟ್ ಕೂರುವ ತೂತಿನ ತಳದಲ್ಲಿ ಗ್ರೀಸ್ ಸಿಕ್ಕಿಹಾಕಿಕೊಂಡು ಶಾಫ್ಟ್ ಪೂರ್ತಿ ಒಳಗೆ ಹೋಗುವುದಿಲ್ಲ. ಸ್ಪ್ಲೈನ್ ಆಯಿಲಿನಲ್ಲೇ ಇದ್ದರೆ ಅದೇ ಆಯಿಲ್ ಸವರಿದರೆ ಸಾಕು.

ಕಂಪನಿ ಪೇಪರ್ ಗ್ಯಾಸ್ಕೆಟ್ ಕೊಟ್ಟಿದ್ದರೆ ಅದನ್ನೇ ಹಾಕಿ. ಸೀಲಂಟ್ ಬಳಸುವ ಕಡೆ ಮುಖ ಪೂರಾ ಸ್ವಚ್ಛ ಮಾಡಿ, ಬೋಲ್ಟ್ ತೂತುಗಳ ಒಳಬದಿಯಲ್ಲಿ ಸಣ್ಣ ಗೆರೆ ಎಳೆಯಿರಿ. ಜಾಸ್ತಿ ಹಾಕಿದ್ದು ಒಳಗೆ ಉದುರಿ ಆಯಿಲ್ ದಾರಿ ಮುಚ್ಚುತ್ತದೆ. ಕೇಸ್ ಕೂರಿಸುವಾಗ ಹಲ್ಲು ಹೊಂದದಿದ್ದರೆ ಫ್ಲಾಂಜನ್ನು ಸ್ವಲ್ಪ ತಿರುಗಿಸಿ. ಬೋಲ್ಟ್ ಬಿಗಿದು ಎಳೆಯಲು ಹೋದರೆ ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಒಡೆದುಹೋಗುತ್ತದೆ. ಎದುರುಬದುರಾಗಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿಯುವ ತಿರುಚು ಬಲಕ್ಕೆ) ಬಿಗಿಯಿರಿ. ಸಿಲಿಕೋನ್ ಸೀಲಂಟ್ ಆದರೆ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಯಿಲ್ ತುಂಬಿ.

ಯಾವ ಆಯಿಲ್? ಮ್ಯಾನ್ಯುಯಲ್ ಹೇಳಿದ್ದು. ಎರಡು ಕೇಸಿಗೆ ಬೇರೆ ಬೇರೆ ಆಯಿಲ್ ಇರಬಹುದು, ಕೆಲವು ಟ್ರಾನ್ಸ್‌ಫರ್ ಕೇಸಿಗೆ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬೇಕು. ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಕೇಳಿದ ಗೇರ್‌ಬಾಕ್ಸಿಗೆ ಸುಮ್ನೆ ಜಿಎಲ್-5 ಸುರಿಯಬೇಡಿ, ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಅದು ಒಗ್ಗದಿರಬಹುದು. ಗಾಡಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ತುಂಬಿದರೆ ಸಾಮಾನ್ಯವಾಗಿ ಲೆವೆಲ್ ಸರಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮತ್ತು ಸ್ಲಿಪ್ ಜಾಯಿಂಟ್‌ನ ನಿಪ್ಪಲ್‌ಗಳಿಗೂ ಇದೇ ಹೊತ್ತಿಗೆ ಗ್ರೀಸ್ ಹೊಡೆಯಿರಿ. ಹಳೆ ಆಯಿಲ್ ಗ್ಯಾರೇಜಿನ ಡ್ರಮ್ಮಿಗೆ ಹೋಗಲಿ, ಹಳ್ಳಕ್ಕಲ್ಲ.

ಫೋರ್ ವೀಲ್ ಹಾಕಿ ನೋಡುವುದು ಮಣ್ಣಿನ ಮೇಲೆ, ಒಣ ಡಾಂಬರಿನ ಮೇಲೆ ಬೇಡ. ವಾರ ಕಳೆದ ಮೇಲೆ ಎರಡೂ ಕೇಸಿನ ಫಿಲ್ಲರ್ ಪ್ಲಗ್ ಬಿಚ್ಚಿ ಲೆವೆಲ್ ಮತ್ತೊಮ್ಮೆ ನೋಡಿ. ಹೊರಗೆ ಒಣಗಿದೆ ಅಂತ ಇದನ್ನು ಬಿಡಬೇಡಿ.